ಎಂಜಿನ್ ಲೈಟ್ ಹತ್ತಿದೆಯಾ? ದುಡ್ಡು ಕೊಡುವ ಮೊದಲು ಇಷ್ಟು ನೋಡಿ

ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ ಹಳದಿ ಎಂಜಿನ್ ಲೈಟ್ ಮೊದಲ ಸಲ ಹತ್ತಿದಾಗ ನೇರವಾಗಿ ಕಂಪನಿ ಸರ್ವಿಸ್ ಸೆಂಟರಿಗೆ ಹೋದೆ. ಸ್ಕ್ಯಾನರ್ ಹಾಕಿದರು. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಹೋಗಿದೆ ಅಂದರು. ಹೊಸದು ಹಾಕಿಸಿದೆ, ಬಿಲ್ ಕಟ್ಟಿದೆ. ನಾಲ್ಕನೇ ದಿನ ಅದೇ ಲೈಟ್ ಮತ್ತೆ ಹತ್ತಿತು. ಈ ಸಲ, "ಇಂಜೆಕ್ಟರ್ ಇರಬಹುದು, ಇಲ್ಲಾಂದ್ರೆ ಫ್ಯೂಯೆಲ್ ಪಂಪ್ ಇರಬಹುದು, ಎರಡೂ ಬದಲಾಯಿಸಿ ನೋಡೋಣ" ಅಂದರು. ಆ "ಇರಬಹುದು" ಕೇಳಿ ಕೀ ವಾಪಸ್ ಇಸಕೊಂಡು ಮನೆಗೆ ಬಂದೆ.

ಕೊನೆಗೆ ತೊಂದರೆ ಇದ್ದದ್ದು ಒಂದು ಗೇಣುದ್ದದ ರಬ್ಬರ್ ಪೈಪಿನಲ್ಲಿ. ಅದನ್ನು ಹೇಗೆ ಹಿಡಿದೆ ಅಂತ ಮುಂದೆ ಹೇಳುತ್ತೇನೆ. ಅವತ್ತಿನಿಂದ ನನ್ನ ಕಾರಿರಲಿ, ಅಕ್ಕನ ಕಾರಿರಲಿ, ಲೈಟ್ ಹತ್ತಿದರೆ ಮೊದಲು ನಾನೇ ನೋಡುತ್ತೇನೆ. ಎಲ್ಲ ರಿಪೇರಿಯನ್ನೂ ನಾನೇ ಮಾಡುವುದಿಲ್ಲ. ಆದರೆ ಯಾವುದಕ್ಕೆ ದುಡ್ಡು ಕೊಡುತ್ತಿದ್ದೇನೆ ಅಂತ ತಿಳಿಯದೆ ಕೊಡುವುದನ್ನು ನಿಲ್ಲಿಸಿದ್ದೇನೆ.

ಮೊದಲು ಬಣ್ಣ

ಕೆಂಪು ಲೈಟ್ ಹತ್ತಿದರೆ ಈ ಬರಹ ಓದುತ್ತಾ ಕೂರಬೇಡಿ. ಎಣ್ಣೆ ಡಬ್ಬಿಯ ಚಿತ್ರದ ಕೆಂಪು ಲೈಟ್ ಅಂದರೆ ಎಂಜಿನ್ ಆಯಿಲ್‌ಗೆ ಪ್ರೆಷರ್ ಇಲ್ಲ. ಗಾಡಿ ಬದಿಗೆ ಹಾಕಿ, ತಕ್ಷಣ ಎಂಜಿನ್ ಆಫ್ ಮಾಡಿ. ಆಯಿಲ್ ಪ್ರೆಷರ್ ಇಲ್ಲದೆ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಬೇರಿಂಗ್‌ಗಳು ಸವೆದು ಎಂಜಿನ್ನೇ ಜಾಮ್ ಆಗಬಹುದು. ಥರ್ಮಾಮೀಟರ್ ಚಿತ್ರದ ಕೆಂಪು ಲೈಟ್ ಅಂದರೆ ಎಂಜಿನ್ ಅತಿಯಾಗಿ ಕಾದಿದೆ. ನಿಲ್ಲಿಸಿ, ಪೂರ್ತಿ ಆರಲು ಬಿಡಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಒಳಗಿನ ನೀರು ಒತ್ತಡದಲ್ಲಿರುತ್ತದೆ, ಮುಖಕ್ಕೆ ಎರಚುತ್ತದೆ.

ಬ್ಯಾಟರಿ ಚಿತ್ರದ ಕೆಂಪು ಲೈಟ್ ಬಂದರೆ ಚಾರ್ಜಿಂಗ್ ಆಗುತ್ತಿಲ್ಲ ಅಂತ ಅರ್ಥ. ಬ್ಯಾಟರಿಯೇ ಹಾಳಾಗಿದೆ ಅಂತ ಅಲ್ಲ. ಮಲ್ಟಿಮೀಟರ್ ಇದ್ದರೆ ಎಂಜಿನ್ ಆಫ್ ಇದ್ದಾಗ ಬ್ಯಾಟರಿಯಲ್ಲಿ 12.6 ವೋಲ್ಟ್ ಹತ್ತಿರ ಕಾಣಬೇಕು. ಸ್ಟಾರ್ಟ್ ಮಾಡಿದ ಮೇಲೆ ಸಾಮಾನ್ಯವಾಗಿ 13.5ರಿಂದ 14.7ರ ಒಳಗೆ ಬರಬೇಕು. ಸ್ಟಾರ್ಟ್ ಆದ ಮೇಲೂ 12ರ ಆಸುಪಾಸಿನಲ್ಲೇ ಇದ್ದರೆ ಬೆಲ್ಟ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಅದರ ವೈರ್ ನೋಡಬೇಕು. ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದರೆ ಅದೂ ಖಾಲಿಯಾಗುತ್ತದೆ, ಅಷ್ಟೇ.

ಇನ್ನು ಎಂಜಿನ್ ಆಕಾರದ ಹಳದಿ ಲೈಟ್. ಅದು ಸುಮ್ನೆ ಹತ್ತಿಕೊಂಡೇ ಇದ್ದು, ಗಾಡಿ ಮಾಮೂಲಾಗಿ ಓಡುತ್ತಿದ್ದರೆ ಗಾಬರಿ ಬೇಡ. ಆದರೆ ಮಿಣಿಮಿಣಿ ಮಿನುಗುತ್ತಿದ್ದರೆ ಕಥೆ ಬೇರೆ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಹೊರಗೆ ಹೋಗುತ್ತಿದೆ. ಅದು ಸೈಲೆನ್ಸರ್ ದಾರಿಯಲ್ಲಿರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು, ಒಳಗಿನ ಜೇನುಗೂಡಿನಂಥ ಭಾಗವನ್ನೇ ಕರಗಿಸಬಹುದು. ಆ್ಯಕ್ಸಿಲರೇಟರ್ ಬಿಡಿ, ನಿಧಾನಕ್ಕೆ ಬದಿಗೆ ಬಂದು ನಿಲ್ಲಿಸಿ. ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಒಂದು ಕಾಯಿಲ್‌ನಲ್ಲಿ ಮುಗಿಯುವ ಖರ್ಚು ಕನ್ವರ್ಟರ್ ತನಕ ಹೋಗುವುದು ಇಂಥ ಹೊತ್ತಿನಲ್ಲಿ "ಮನೆ ತಲುಪಿಬಿಡೋಣ" ಅಂತ ಓಡಿಸಿದಾಗಲೇ.

ಕೋಡ್ ಓದುವುದು

ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ, ಆಮೇಲೆ ಬೇರೆ ಕಡೆಗಳಲ್ಲೂ ಕಾರುಗಳಿಗೆ ಓಬಿಡಿ-2 ಅನ್ನುವ ಒಂದೇ ಥರದ ಸಾಕೆಟ್ ಬಂತು. 16 ಪಿನ್ನುಗಳದು. ಸಾಮಾನ್ಯವಾಗಿ ಡ್ರೈವರ್ ಕಾಲಿನ ಮೇಲೆ, ಡ್ಯಾಶ್‌ಬೋರ್ಡಿನ ಕೆಳಗೆ ಇರುತ್ತದೆ. ಬಗ್ಗಿ ಮೊಬೈಲ್ ಟಾರ್ಚ್ ಹಾಕಿದರೆ ಕಾಣುತ್ತದೆ. ಕೆಲವು ಕಾರುಗಳಲ್ಲಿ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ಬೆಂಕಿಪೊಟ್ಟಣದಷ್ಟು ದೊಡ್ಡದು. ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಆಯಿತು. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ, ಕನೆಕ್ಟ್ ಮಾಡಿ. ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ. ಆ ಸಾಕೆಟ್ಟಿಗೆ ಕೀ ಆಫ್ ಇದ್ದರೂ ಬ್ಯಾಟರಿ ಕರೆಂಟ್ ಬರುತ್ತಲೇ ಇರುತ್ತದೆ.

ಕೋಡ್ ಕಂಡ ತಕ್ಷಣ ಆ್ಯಪಿನಲ್ಲಿರುವ ಕ್ಲಿಯರ್ ಬಟನ್ ಒತ್ತಬೇಡಿ. ದಯವಿಟ್ಟು ಒತ್ತಬೇಡಿ. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಒಂದು ದಾಖಲೆ ಇರುತ್ತದೆ. ತಪ್ಪು ಕಂಡ ಆ ಕ್ಷಣದಲ್ಲಿ ಗಾಡಿ ಎಷ್ಟು ಸ್ಪೀಡಿನಲ್ಲಿತ್ತು, ಆರ್‌ಪಿಎಂ ಎಷ್ಟು, ಎಂಜಿನ್ ಎಷ್ಟು ಬಿಸಿಯಾಗಿತ್ತು ಅನ್ನುವ ಫೋಟೋ ಅದು. ಅಳಿಸಿದರೆ ಅದೂ ಅಳಿಸಿಹೋಗುತ್ತದೆ. ನಾನು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದುಕೊಂಡು, ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಕಿಲೋಮೀಟರ್, ಅವತ್ತು ಮಳೆ ಇತ್ತಾ, ಆಗಷ್ಟೇ ಪೆಟ್ರೋಲ್ ಹಾಕಿಸಿದ್ದೆನಾ ಅಂತೆಲ್ಲ ಬರೆದಿಡುತ್ತೇನೆ.

ಕೋಡ್ ಓದುವುದು ಕಷ್ಟವಿಲ್ಲ. ಪಿ ಅಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್, ಸಿ ಅಂದರೆ ಬ್ರೇಕ್‌ನಂಥ ಚಾಸಿ ಭಾಗ, ಬಿ ಅಂದರೆ ಬಾಡಿ, ಯು ಅಂದರೆ ಕಂಪ್ಯೂಟರುಗಳ ನಡುವಿನ ಮಾತುಕತೆ. ಮುಂದಿನ ಅಂಕಿ 0 ಆದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ. 1 ಆದರೆ ಆ ಕಂಪನಿಯದೇ ಕೋಡ್, ಅದೇ ಕಾರಿನ ಮಾಹಿತಿ ಹುಡುಕಬೇಕು. ಅದರ ನಂತರದ್ದು 1 ಅಥವಾ 2 ಆದರೆ ಗಾಳಿ-ಪೆಟ್ರೋಲ್, 3 ಆದರೆ ಇಗ್ನಿಷನ್, 4 ಆದರೆ ಹೊಗೆ ನಿಯಂತ್ರಣ.

ಕೋಡ್ ಯಾವತ್ತೂ "ಈ ಪಾರ್ಟ್ ಬದಲಾಯಿಸು" ಅಂತ ಹೇಳುವುದಿಲ್ಲ. ಎಲ್ಲಿ ನೋವಿದೆ ಅಂತ ಮಾತ್ರ ಹೇಳುತ್ತದೆ. ಕಾಯಿಲೆ ಯಾವುದು ಅಂತ ನಾವು ಹುಡುಕಬೇಕು. ನನ್ನ ಕಾರಿಗೆ ಆಗಿದ್ದು ಇದೇ.

ಆ ರಬ್ಬರ್ ಪೈಪ್

ನನ್ನ ಕೋಡ್ ಪಿ0171. ಎಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅದರ ಅರ್ಥ. ಈ ಸುದ್ದಿ ಕೊಟ್ಟಿದ್ದು ಆಕ್ಸಿಜನ್ ಸೆನ್ಸರ್. ಅದು ನಿಜವನ್ನೇ ಹೇಳುತ್ತಿತ್ತು. ಸುದ್ದಿ ತಂದವನನ್ನೇ ಬದಲಾಯಿಸಿದರೆ ಸುದ್ದಿ ಬದಲಾಗುತ್ತದಾ?

ಆ್ಯಪಿನ ಲೈವ್ ಡೇಟಾದಲ್ಲಿ ಫ್ಯೂಯೆಲ್ ಟ್ರಿಮ್ ಅಂತ ಒಂದು ಅಂಕಿ ಇರುತ್ತದೆ. ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಹಾಕಬೇಕಾಗಿದೆ ಅಂತ ಅದು ತೋರಿಸುತ್ತದೆ. ಶಾರ್ಟ್ ಮತ್ತು ಲಾಂಗ್ ಅಂತ ಎರಡಿರುತ್ತವೆ, ಕೂಡಿಸಿ ನೋಡಿ. ಮೈನಸ್ 10ರಿಂದ ಪ್ಲಸ್ 10 ಶೇಕಡದ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನನ್ನದು ಐಡಲ್‌ನಲ್ಲಿ, ಅಂದರೆ ಆ್ಯಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ಪ್ಲಸ್ 24 ಇತ್ತು. ಆ್ಯಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದಾಗ ಪ್ಲಸ್ 6ಕ್ಕೆ ಇಳಿಯಿತು.

ಈ ಇಳಿತದಲ್ಲೇ ಉತ್ತರ ಇದೆ. ಎಲ್ಲೋ ಸಣ್ಣ ತೂತಿನಿಂದ ಗಾಳಿ ಒಳಗೆ ನುಗ್ಗುತ್ತಿದ್ದರೆ, ಐಡಲ್‌ನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಹಾಗಾಗಿ ಆ ಕಳ್ಳಗಾಳಿಯ ಪಾಲು ದೊಡ್ಡದು. ಆರ್‌ಪಿಎಂ ಏರಿದಾಗ ಬೇಕಾದಷ್ಟು ಗಾಳಿ ಸರಿಯಾದ ದಾರಿಯಲ್ಲೇ ಬರುತ್ತದೆ, ತೂತಿನ ಪಾಲು ಚಿಕ್ಕದಾಗುತ್ತದೆ. ಪಂಪ್ ಸೋತಿದ್ದರೆ ಇದರ ಉಲ್ಟಾ ಆಗುತ್ತದೆ. ಎಂಜಿನ್ನಿಗೆ ಜಾಸ್ತಿ ಪೆಟ್ರೋಲ್ ಬೇಕಾದಷ್ಟೂ ಟ್ರಿಮ್ ಏರುತ್ತಾ ಹೋಗುತ್ತದೆ. ಅಂದರೆ ಐದು ನಿಮಿಷದಲ್ಲಿ, ಒಂದು ಬೋಲ್ಟೂ ಬಿಚ್ಚದೆ, ನನ್ನದು ಪಂಪ್ ತೊಂದರೆ ಅಲ್ಲ ಅನ್ನಲು ಬಲವಾದ ಕಾರಣ ಸಿಕ್ಕಿತು.

ಬಾನೆಟ್ ತೆಗೆದು, ಎಂಜಿನ್ ಓಡುತ್ತಿರುವಾಗ ಕಿವಿಗೊಟ್ಟೆ. ಸಣ್ಣಗೆ ಸುಯ್ ಅನ್ನುವ ಸದ್ದು. ಹೆಬ್ಬೆರಳು ದಪ್ಪದ ಒಂದು ರಬ್ಬರ್ ಪೈಪ್ ಎಂಜಿನ್ನಿನ ಮೇಲಿನ ವಾಲ್ವ್ ಕವರಿನಿಂದ, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಮೇಲಿನಿಂದ ನೋಡಿದರೆ ಚೆನ್ನಾಗೇ ಇತ್ತು. ಮೊಬೈಲನ್ನು ಕೆಳಗೆ ತೂರಿಸಿ ಫೋಟೋ ತೆಗೆದಾಗ ಕಂಡಿತು: ಪೈಪ್ ಬಾಗುವ ಕಡೆ, ತಳಭಾಗದಲ್ಲಿ, ಉಗುರಿನಷ್ಟು ಉದ್ದದ ಸೀಳು. ರಬ್ಬರ್ ಎಣ್ಣೆ ಕುಡಿದು ಮೆತ್ತಗಾಗಿ, ಸೀಳಿನ ಅಂಚು ಒಳಕ್ಕೆ ಮಡಚಿಕೊಂಡಿತ್ತು. ಹೆಬ್ಬೆರಳಿಟ್ಟು ಒತ್ತಿ ಹಿಡಿದೆ. ಸದ್ದು ನಿಂತಿತು, ಎಂಜಿನ್ ನಡುಕ ನಿಂತಿತು, ಮೊಬೈಲಿನಲ್ಲಿ ಶಾರ್ಟ್ ಟ್ರಿಮ್ ಸರಸರ ಇಳಿಯಿತು. ಬೆರಳು ತೆಗೆದರೆ ಮತ್ತೆ ಏರಿತು. ಮೂರು ಸಲ ಮಾಡಿ ನೋಡಿದೆ. ಅಷ್ಟು ಖುಷಿಯಾಗಿತ್ತು. ಹೊಸ ಪೈಪ್ ಮತ್ತು ಎರಡು ಕ್ಲಿಪ್ ಹಾಕಿದ ಮೇಲೆ ಆ ಕೋಡ್ ಮತ್ತೆ ಬಂದಿಲ್ಲ.

ಹೀಗೆ ಕೈ ಹಾಕುವಾಗ ಬೆಲ್ಟ್ ಮತ್ತು ಫ್ಯಾನಿನಿಂದ ದೂರ ಇರಿ. ಸಡಿಲ ಬಟ್ಟೆ, ಬಿಟ್ಟ ಕೂದಲು ಬೇಡ. ರೇಡಿಯೇಟರ್ ಫ್ಯಾನ್ ಎಂಜಿನ್ ಆಫ್ ಮಾಡಿದ ಮೇಲೂ ತಾನಾಗೇ ತಿರುಗಬಹುದು. ಲೀಕ್ ಹುಡುಕಲು ಬಿಸಿ ಎಂಜಿನ್ ಮೇಲೆ ಉರಿಯುವ ಸ್ಪ್ರೇ ಹೊಡೆಯುವವರಿದ್ದಾರೆ, ನಾನು ಹೊಡೆಯುವುದಿಲ್ಲ. ಕಣ್ಣಿಗೆ, ಕಿವಿಗೆ ಸಿಗದಿದ್ದರೆ ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ ಮಾಡಿ ಅಂತ ಕೇಳಿ. ಹೊಗೆ ಎಲ್ಲಿಂದ ಹೊರಗೆ ಬರುತ್ತದೋ ಅಲ್ಲೇ ತೂತು.

ಮಿಸ್‌ಫೈರ್ ಇದ್ದರೆ ಅದಲುಬದಲು

ಅಕ್ಕನ ಕಾರಿಗೆ ಪಿ0302 ಬಂದಿತ್ತು. ಕೊನೆಯ ಅಂಕಿ ಸಿಲಿಂಡರ್ ನಂಬರ್, ಅಂದರೆ ಎರಡನೆಯದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಇದೇ ಮಿಸ್‌ಫೈರ್. ಪಿ0300 ಆದರೆ ಯಾವುದೋ ಒಂದಕ್ಕೇ ಸೀಮಿತವಲ್ಲ. ನಾಲ್ಕೂ ಕಾಯಿಲ್, ನಾಲ್ಕೂ ಪ್ಲಗ್ ಬದಲಾಯಿಸಬೇಕು ಅಂತ ಅವಳಿಗೆ ಗ್ಯಾರೇಜಿನಲ್ಲಿ ಹೇಳಿದ್ದರು.

ಎಂಜಿನ್ ಪೂರ್ತಿ ಆರಿದ ಮೇಲೆ, ಕೀ ತೆಗೆದು, ಎರಡನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹಾಕಿದೆವು. ಆ ಕಾರಿನಲ್ಲಿ ಪ್ರತಿ ಕಾಯಿಲಿಗೆ ಒಂದೊಂದು 10 ಎಂಎಂ ಬೋಲ್ಟ್ ಅಷ್ಟೇ. ಕನೆಕ್ಟರಿನ ಲಾಕ್ ಹಳೆಯದಾದರೆ ಗರಿಗರಿಯಾಗಿ ಮುರಿಯುತ್ತದೆ, ಅದನ್ನು ಮಾತ್ರ ಮೆಲ್ಲಗೆ ಒತ್ತಿ ಬಿಡಿಸಿ. ನಂತರ ಕೋಡ್ ಬರೆದಿಟ್ಟುಕೊಂಡು ಕ್ಲಿಯರ್ ಮಾಡಿದೆವು. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತಿಗೆ ಪಿ0303 ಬಂತು. ತೊಂದರೆ ಕಾಯಿಲಿನ ಜೊತೆಗೇ ಮೂರನೆಯದಕ್ಕೆ ಹೋಗಿತ್ತು. ಒಂದು ಕಾಯಿಲ್ ಸಾಕಾಯಿತು. ಕೋಡ್ ಎರಡರಲ್ಲೇ ಉಳಿದಿದ್ದರೆ ಪ್ಲಗ್ ಅದಲುಬದಲು ಮಾಡುತ್ತಿದ್ದೆವು, ಅದಾದ ಮೇಲೆ ಇಂಜೆಕ್ಟರ್, ಕಂಪ್ರೆಷನ್ ಪರೀಕ್ಷೆ.

ದುಬಾರಿ ಕೋಡ್, ಅಗ್ಗದ ಕೋಡ್

ಪಿ0420 ಬಂದರೆ ಸಾಮಾನ್ಯವಾಗಿ "ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ" ಅನ್ನುತ್ತಾರೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವ ಭಾಗ ಅದು, ಹಾಗಾಗಿ ಬೆಲೆ ಜಾಸ್ತಿ. ಒಪ್ಪುವ ಮೊದಲು ಎಂಜಿನ್ ಚೆನ್ನಾಗಿ ಬಿಸಿ ಮಾಡಿ, 2500 ಆರ್‌ಪಿಎಂನಲ್ಲಿ ಹಿಡಿದು, ಕನ್ವರ್ಟರ್ ದಾಟಿದ ಮೇಲಿರುವ ಹಿಂದಿನ ಆಕ್ಸಿಜನ್ ಸೆನ್ಸರಿನ ಗ್ರಾಫ್ ನೋಡಿ. ಕನ್ವರ್ಟರ್ ಕೆಲಸ ಮಾಡುತ್ತಿದ್ದರೆ ಗೆರೆ 0.6–0.7 ವೋಲ್ಟ್ ಹತ್ತಿರ ಹೆಚ್ಚು ಕಡಿಮೆ ನೆಟ್ಟಗಿರುತ್ತದೆ. ಕನ್ವರ್ಟರಿಗಿಂತ ಮೊದಲೇ ಇರುವ ಮುಂದಿನ ಸೆನ್ಸರಿನ ಹಾಗೆ 0.1 ಮತ್ತು 0.9ರ ನಡುವೆ ಜೋರಾಗಿ ಕುಣಿಯುತ್ತಿದ್ದರೆ ಕನ್ವರ್ಟರ್ ಮೇಲೆ ಅನುಮಾನ ಪಡಬಹುದು. ಹೊಸ ಕಾರುಗಳಲ್ಲಿ ಮುಂದಿನ ಸೆನ್ಸರ್ ಬೇರೆ ಥರದ್ದಿರುತ್ತದೆ, ಅದರ ಅಂಕಿ ಹೀಗೆ ಕಾಣುವುದಿಲ್ಲ. ಸೈಲೆನ್ಸರ್ ಪೈಪಿನ ಜಾಯಿಂಟಿನಲ್ಲಿ ಲೀಕ್ ಇದ್ದರೂ ಇದೇ ಕೋಡ್ ಬರಬಹುದು. ಮಿಸ್‌ಫೈರ್ ಇದ್ದರೆ ಅದನ್ನು ಮೊದಲು ಸರಿ ಮಾಡಿ. ಇಲ್ಲದಿದ್ದರೆ ಹೊಸ ಕನ್ವರ್ಟರೂ ಹಾಳಾಗುತ್ತದೆ.

ಪೆಟ್ರೋಲ್ ಆವಿ ಸೋರುತ್ತಿದೆ ಅನ್ನುವ ಪಿ0455, ಪಿ0457 ಬಂದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನೋಡಿ. ಟಕ್ ಅನ್ನುವ ತನಕ ತಿರುಗಿಸಿ, ಒಳಗಿನ ರಬ್ಬರ್ ಉಂಗುರ ಸೀಳಿದೆಯಾ ನೋಡಿ. ಲೈಟ್ ತಕ್ಷಣ ಆರುವುದಿಲ್ಲ, ಕೆಲವು ದಿನ ಓಡಿಸಬೇಕು. ಪಿ0128 ಅಂದರೆ ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ. ಕೂಲೆಂಟ್ ಮಟ್ಟ ನೋಡಿ, ಸರಿ ಇದ್ದರೆ ಹೆಚ್ಚಾಗಿ ಕೂಲೆಂಟ್ ಹರಿವನ್ನು ತಡೆದು ಬಿಡುವ ಥರ್ಮೋಸ್ಟಾಟ್ ತೆರೆದೇ ಉಳಿದಿರುತ್ತದೆ. ಸಂಬಂಧವೇ ಇಲ್ಲದ ನಾಲ್ಕೈದು ಕೋಡ್ ಒಟ್ಟಿಗೆ ಬಂದರೆ ಮೊದಲು ಬ್ಯಾಟರಿ ಟರ್ಮಿನಲ್ ಸಡಿಲ ಇದೆಯಾ, ಇಲಿ ವೈರ್ ಕಡಿದಿದೆಯಾ ನೋಡಿ. ಏರ್‌ಬ್ಯಾಗ್ ಮತ್ತು ಎಬಿಎಸ್ ಲೈಟಿಗೆ ಮಾತ್ರ ನಾನು ಕೈ ಹಾಕುವುದಿಲ್ಲ.

ಹಳೆ ಕಾರು ಕೊಳ್ಳುವವರಿಗೆ ಒಂದು ಮಾತು. ಕೀ ಆನ್ ಮಾಡಿದಾಗ ಎಂಜಿನ್ ಲೈಟ್ ಹತ್ತಲೇಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಅದನ್ನು ಕಿತ್ತಿರಬಹುದು. ಸ್ಕ್ಯಾನರಿನಲ್ಲಿ ರೆಡಿನೆಸ್ ಅನ್ನುವ ಪುಟವನ್ನೂ ನೋಡಿ, ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಕೆಲಸ ಮುಗಿದಿದೆಯಾ ಅಂತ ಅದು ತೋರಿಸುತ್ತದೆ. ಬಹಳಷ್ಟು "ಅಪೂರ್ಣ" ಅಂತ ತೋರಿಸಿದರೆ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ.

ಗ್ಯಾರೇಜಿನಲ್ಲಿ ಏನು ಕೇಳಬೇಕು

ಇಷ್ಟೆಲ್ಲ ನೋಡಿಯೂ ಗ್ಯಾರೇಜಿಗೆ ಹೋಗಬೇಕಾಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಒಳ್ಳೆಯ ಮೆಕ್ಯಾನಿಕ್‌ಗೆ ಸ್ಕ್ರೀನ್‌ಶಾಟ್ ತೋರಿಸಿದರೆ ಅವರ ಕೆಲಸವೂ ಹಗುರ. "ಲೈಟ್ ಹತ್ತಿದೆ, ನೋಡಿ" ಅನ್ನುವುದರ ಬದಲು "ಪಿ0171 ಬಂದಿದೆ, ಐಡಲ್‌ನಲ್ಲಿ ಟ್ರಿಮ್ 24, 2500ರಲ್ಲಿ 6, ಲೀಕ್ ಇರಬೇಕು, ಹುಡುಕಿಕೊಡಿ" ಅನ್ನಿ. ಪಾರ್ಟ್ ಬದಲಾಯಿಸಬೇಕು ಅಂದರೆ "ಅದೇ ಕೆಟ್ಟಿದೆ ಅಂತ ಯಾವ ಟೆಸ್ಟಿನಿಂದ ಗೊತ್ತಾಯಿತು?" ಅಂತ ಕೇಳಿ. "ಕೋಡ್ ಹಾಗೆ ತೋರಿಸ್ತಿದೆ" ಅನ್ನುವುದು ಟೆಸ್ಟ್ ಅಲ್ಲ. ತೆಗೆದ ಹಳೆಯ ಪಾರ್ಟ್ ವಾಪಸ್ ಕೊಡಿ ಅಂತ ಕೆಲಸ ಶುರುವಾಗುವ ಮೊದಲೇ ಹೇಳಿಡಿ. ನನ್ನ ಆ ಮೊದಲ ಆಕ್ಸಿಜನ್ ಸೆನ್ಸರನ್ನು ನಾನು ಕೇಳಿರಲಿಲ್ಲ. ಚೆನ್ನಾಗೇ ಇದ್ದ ಸೆನ್ಸರ್ ಅದು, ಇವತ್ತು ಸ್ಪೇರ್ ಆಗಿ ನನ್ನ ಕಪಾಟಿನಲ್ಲಿರುತ್ತಿತ್ತು.