ಅನುದಾನದ ಮನೆ ಗಡುವಿನೊಳಗೆ ಮುಗಿದದ್ದು ಹೇಗೆ

ನೆರೆಗೆ ಬಿದ್ದ ಮನೆ ಕಟ್ಟಲು ಅನುದಾನ ಮಂಜೂರಾಗಿತ್ತು. ಹಣ ಬರುವುದು ತಳಪಾಯ, ಲಿಂಟಲ್ (ಬಾಗಿಲು, ಕಿಟಕಿಗಳ ಮೇಲಿನ ತೊಲೆ), ಛಾವಣಿ ಎಂದು ಹಂತಹಂತವಾಗಿ, ಪ್ರತಿ ಹಂತದ ತಪಾಸಣೆ ಆದ ಮೇಲೆ. ತಳಪಾಯ ಮುಗಿದು ಐದು ವಾರವಾದರೂ ಎರಡನೆಯ ಕಂತು ಬರಲಿಲ್ಲ. ಕೆಲಸ ನಿಂತಿತು, ಗಡುವು ನಿಲ್ಲಲಿಲ್ಲ.

ಆಳುಗಳನ್ನು ಹೆಚ್ಚಿಸಿದೆ, ಇಟ್ಟಿಗೆ ಇಲ್ಲದೆ ಸುಮ್ಮನೆ ಕುಳಿತರು. ಮೇಸ್ತ್ರಿಯನ್ನು ಬದಲಿಸಿದೆ, ಹೊಸಬರು ಹಳೆಯ ಅಳತೆಯನ್ನೇ ಒಪ್ಪಲಿಲ್ಲ. ಕಚೇರಿಗೆ ಅಲೆದು ಚಪ್ಪಲಿ ಸವೆಯಿತು, ಅಷ್ಟೇ.

ದಿನಗಳು ಸೋರುತ್ತಿದ್ದುದು ಕಟ್ಟುವಾಗ ಅಲ್ಲ, ತಪಾಸಣೆಗೆ ಕಾಯುವಾಗ. ಹಾಗಾಗಿ ಗಡುವಿನ ದಿನದಿಂದ ಹಿಂದಕ್ಕೆ ಎಣಿಸಿದೆ. ಕೊನೆಯ 15 ದಿನಗಳನ್ನು ಖಾಲಿ ಬಿಟ್ಟೆ. ಅದಕ್ಕೂ ಮೊದಲು ಗಿಲಾವು, ವಿದ್ಯುತ್ ಕೆಲಸ. ಅದಕ್ಕೂ ಮೊದಲು ಛಾವಣಿಯ ಆಸರೆ ಕಂಬಗಳನ್ನು ಮುಟ್ಟದೆ 14 ದಿನ. ಇದನ್ನು ಎಷ್ಟು ಆಳು ಬಂದರೂ ಕಡಿಮೆ ಮಾಡಲಾಗದು.

ಮುಖ್ಯ ಬದಲಾವಣೆ ಅರ್ಜಿಯದು. ಹಂತ ಮುಗಿದ ಮೇಲೆ ಕೊಡುತ್ತಿದ್ದ ತಪಾಸಣೆಯ ಅರ್ಜಿಯನ್ನು ಮುಗಿಯುವ 10 ದಿನ ಮೊದಲೇ, ಮುಗಿಯುವ ದಿನಾಂಕವನ್ನು ಬರೆದು ಕೊಟ್ಟೆ. ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆ. ತಪಾಸಣೆ ಕಾಂಕ್ರೀಟಿಗೆ ನೀರುಣಿಸುವ ವಾರದಲ್ಲೇ ಬಿದ್ದುದರಿಂದ ಹೆಚ್ಚುವರಿ ದಿನ ಹಿಡಿಯಲಿಲ್ಲ.

ಕಬ್ಬಿಣ ಕಟ್ಟಿದ ಮೇಲೆ, ಕಾಂಕ್ರೀಟ್ ಸುರಿಯುವ ಮೊದಲು, ಸ್ಥಳ ಮತ್ತು ದಿನಾಂಕ ಕಾಣುವ ಫೋಟೊ ತೆಗೆದೆ. ನಂತರ ತೋರಿಸಲು ಬೇರೆ ದಾರಿಯಿಲ್ಲ. ಮೊದಲ ಸಲ ಕಡತ ವಾಪಸು ಬಂದದ್ದು ಈ ಫೋಟೊ ಇಲ್ಲದ್ದಕ್ಕೇ.

ಬಾಗಿಲು, ಕಿಟಕಿಯ ಚೌಕಟ್ಟುಗಳನ್ನು ತಳಪಾಯದ ಹೊತ್ತಿಗೇ ಹೇಳಿಡಬೇಕಿತ್ತು; ನಾನು ತಡಮಾಡಿ ಒಂದು ವಾರ ಕಳೆದುಕೊಂಡೆ. ಲಿಂಟಲ್ ಹಂತದ ಕಂತು 9 ದಿನಕ್ಕೆ ಬಂದಿತು. ಮನೆ ಗಡುವಿಗೆ 4 ದಿನ ಇರುವಾಗ ಮುಗಿಯಿತು.