ಲಕ್ವಾ ಹೊಡೆದ ಕೈಗೆ ಸ್ಟಿಮ್ಯುಲೇಟರ್: ಮನೆಯಲ್ಲಿ ಬಳಸುವುದು ಹೇಗೆ?

ಲಕ್ವಾ ಹೊಡೆದವರು ಎದ್ದು ಓಡಾಡುವಂತಾದರೂ ಕೈ ಮಾತ್ರ ಮುಷ್ಟಿ ಕಟ್ಟಿಕೊಂಡೇ ಉಳಿಯುವುದುಂಟು. ರಾಯಚೂರು, ಸಿಂಧನೂರು ಕಡೆ ಎಷ್ಟೋ ಮನೆಗಳಲ್ಲಿ ಎಣ್ಣೆ ತಿಕ್ಕಿಸುವುದರಲ್ಲೇ ತಿಂಗಳುಗಳು ಕಳೆದುಹೋಗುತ್ತವೆ. ಕೈ ಸುಧಾರಿಸುವುದು ಹೆಚ್ಚಾಗಿ ಮೊದಲ 3ರಿಂದ 6 ತಿಂಗಳಲ್ಲಿ. ದಯವಿಟ್ಟು ಆ ಕಾಲವನ್ನು ಕಳೆದುಕೊಳ್ಳಬೇಡಿ.

ಸ್ನಾಯುವಿಗೆ ಸಣ್ಣಗೆ ಕರೆಂಟ್ ಕೊಟ್ಟು ಬೆರಳು ಬಿಚ್ಚಿಸುವ ಯಂತ್ರವೇ ಸ್ಟಿಮ್ಯುಲೇಟರ್. ಬ್ಯಾಟರಿಯದ್ದಾದರೆ ಮನೆಯ ಕರೆಂಟ್ ಹೋದರೂ ಅಭ್ಯಾಸ ನಿಲ್ಲದು. ಕೊಳ್ಳುವ ಮುಂಚೆ ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲೋ ಹತ್ತಿರದ ಕ್ಲಿನಿಕ್‌ನಲ್ಲೋ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಕರೆಂಟ್ ಎಷ್ಟಿರಬೇಕೆಂದು ಅವರೇ ಹೊಂದಿಸಿಕೊಡಲಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಇದನ್ನು ಬಳಸಬಾರದು. ಫಿಟ್ಸ್ ಬರುವವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಬೇಕು.

ರೋಗಿಯನ್ನು ಕುರ್ಚಿಯಲ್ಲಿ ನೆಟ್ಟಗೆ ಕೂಡಿಸಿ, ಮುಂಗೈಯನ್ನು ಮೇಜಿನ ಮೇಲಿಡಿ. ಕೈ ಹಿಡಿದು ಎಳೆಯಬೇಡಿ, ಕಂಕುಳಿಗೆ ಕೈಹಾಕಿ ಎತ್ತಬೇಡಿ. ಬಲ ಕಳೆದುಕೊಂಡ ಭುಜ ಕೀಲಿನಿಂದ ಜಾರಬಹುದು. ನಮ್ಮ ಬಿಸಿಲಿಗೆ ಬೆವರಿದ ಚರ್ಮದ ಮೇಲೆ ಪ್ಯಾಡ್ ನಿಲ್ಲದು. ಎಣ್ಣೆಯಂಶ ಹೋಗುವಂತೆ ತೊಳೆದು, ಚೆನ್ನಾಗಿ ಒರೆಸಿ. ಬಳಿಕ ಒಂದು ಪ್ಯಾಡನ್ನು ಮೊಣಕೈ ಕೆಳಗೆ ಮುಂಗೈಯ ಹಿಂಬದಿಗೆ, ಇನ್ನೊಂದನ್ನು ಅದೇ ಬದಿಯಲ್ಲಿ ಮಣಿಕಟ್ಟಿನ ಕಡೆಗೆ ಅಂಟಿಸಿ. ಗಾಯವಿದ್ದಲ್ಲಿ, ಸ್ಪರ್ಶ ತಿಳಿಯದ ಚರ್ಮದ ಮೇಲೆ ಬೇಡ.

ಕರೆಂಟನ್ನು ನಿಧಾನಕ್ಕೆ ಏರಿಸಿ. ಮೊದಲು ಜುಮ್ಮೆನ್ನುತ್ತದೆ, ಆಮೇಲೆ ಮಣಿಕಟ್ಟು ಮೇಲೇಳುತ್ತದೆ, ಬೆರಳು ಬಿಚ್ಚುತ್ತವೆ. ಅದೇ ಕ್ಷಣಕ್ಕೆ ರೋಗಿಯೂ ಮನಸ್ಸಿಟ್ಟು 'ಬಿಚ್ಚಬೇಕು' ಎಂದು ಪ್ರಯತ್ನಿಸಲೇಬೇಕು. ಟಿವಿ ನೋಡುತ್ತ ಕೂತರೆ ಕೈ ಅಲುಗುತ್ತದೆ ಅಷ್ಟೆ, ಮಿದುಳು ಕಲಿಯುವುದಿಲ್ಲ. ಬೆರಳು ಬಿಚ್ಚಿದಾಗ ಸ್ಟೀಲ್ ಲೋಟ ಮುಂದಿಡಿ. ಯಂತ್ರ ಬಿಟ್ಟುಬಿಟ್ಟು ಕರೆಂಟ್ ಕೊಡುತ್ತದೆ: ಅದು ನಿಂತಾಗ ಹಿಡಿಯಲಿ, ಮತ್ತೆ ಬಂದಾಗ ಬಿಡಲಿ. ಬಿಡುವುದೇ ಕಷ್ಟದ ಕೆಲಸ, ಅವಸರಿಸಬೇಡಿ. ಸ್ನಾಯು ಬೇಗ ದಣಿಯುವುದರಿಂದ ನಡುನಡುವೆ ಬಿಡುವು ಕೊಡಿ. ಚರ್ಮ ಉರಿದರೆ, ಭುಜ ನೋಯತೊಡಗಿದರೆ ನಿಲ್ಲಿಸಿ.

ಕೈಗೆ ವ್ಯಾಯಾಮ ಮಾಡಿಸುವ ದೊಡ್ಡ ಊರಿನ ರೋಬೋಟ್ ಯಂತ್ರ ಸಿಗಲಿಲ್ಲವಲ್ಲ ಎಂಬ ಕೊರಗು ಬೇಡ. ಬ್ರಿಟನ್ನಿನಲ್ಲಿ 770 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಬೋಟ್ ತರಬೇತಿ ಪಡೆದವರ ಕೈಬಳಕೆ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಹೆಚ್ಚೇನೂ ಸುಧಾರಿಸಲಿಲ್ಲ.

ಪ್ಯಾಡ್ ತೆಗೆದ ಮೇಲೆ ಅದೇ ಕೈಗೆ ಮನೆಗೆಲಸ ಕೊಡಿ: ರೊಟ್ಟಿ ಹಿಟ್ಟು ಒತ್ತುವುದು, ಟವೆಲ್ ಮಡಚುವುದು. ವಾರಕ್ಕೊಮ್ಮೆ, ಕರೆಂಟ್ ಇಲ್ಲದೆ ಲೋಟ ಹಿಡಿದು ಬಿಡುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ಫಿಸಿಯೋಥೆರಪಿಸ್ಟ್‌ಗೆ ಕಳಿಸಿ. ಕೈ ತಾನಾಗಿ ಬಿಚ್ಚತೊಡಗಿದಂತೆ ಅವರು ಕರೆಂಟ್ ಇಳಿಸುತ್ತ ಬರುತ್ತಾರೆ.