ಸಿಂಗಪುರದಲ್ಲಿ ಸಿಗರೇಟು, ನಶ್ಯ, ವೇಪ್: ಹೊಸಬರು ಮೊದಲೇ ತಿಳಿದಿರಬೇಕಾದದ್ದು

ನಮ್ಮ ಮನೆಯಲ್ಲಿ ಯಾರೂ ಸೇದಲ್ಲ ಅಂತ ಇದನ್ನು ಓದದೆ ಬಿಡಬೇಡಿ. ನಿಮ್ಮನ್ನು ನೋಡಲು ಊರಿಂದ ಅಪ್ಪ, ಮಾವ ಬರುತ್ತಾರೆ ಅಲ್ವಾ? ಸಿಂಗಪುರದ ತಂಬಾಕು ಕಾನೂನಿನ ಬಿಸಿ ಅವರಿಗೆ ವಿಮಾನ ನಿಲ್ದಾಣದಲ್ಲೇ ತಟ್ಟಬಹುದು.

ಇಲ್ಲಿ ಸಿಗರೇಟಿಗೆ ಡ್ಯೂಟಿ ಫ್ರೀ ರಿಯಾಯಿತಿ ಇಲ್ಲ. ಒಂದೇ ಒಂದು ಪ್ಯಾಕ್ ತಂದರೂ ರೆಡ್ ಚಾನೆಲ್‌ಗೆ (ಕಸ್ಟಮ್ಸ್‌ನವರಿಗೆ ಸಾಮಾನು ತೋರಿಸುವ ಸಾಲು) ಹೋಗಿ ತೋರಿಸಿ ತೆರಿಗೆ ಕಟ್ಟಬೇಕು. ಬೀಡಿಗೂ ಅಷ್ಟೇ. ಹೊರಡುವಾಗ ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡ ಬಿಲ್ ಇದ್ದರೂ ಉಪಯೋಗವಿಲ್ಲ. ಗುಟ್ಕಾ, ಖೈನಿ, ಜರ್ದಾ, ನಶ್ಯಕ್ಕಂತೂ ತೆರಿಗೆ ಕಟ್ಟುವ ದಾರಿಯೂ ಇಲ್ಲ. 2016ರ ಆಗಸ್ಟ್‌ನಿಂದ ಅವುಗಳಿಗೆ ಪೂರ್ತಿ ನಿಷೇಧ. ನಶ್ಯದ ಡಬ್ಬಿ ಇಲ್ಲದೆ ಮನೆಯಿಂದ ಹೊರಗೆ ಕಾಲಿಡದ ಹಿರಿಯರಿದ್ದರೆ ಟಿಕೆಟ್ ಮಾಡಿಸುವಾಗಲೇ ಹೇಳಿಬಿಡಿ. ಕೊನೆಗಳಿಗೆಯಲ್ಲಿ ಹೇಳಿದರೆ ಸುಮ್ನೆ ಜಗಳ.

ವೇಪ್ ಅಂದರೆ ಇ-ಸಿಗರೇಟಿನ ವಿಷಯ ಇನ್ನೂ ಗಂಭೀರ. 2018ರ ಫೆಬ್ರವರಿಯಿಂದ ಅದನ್ನು ಇಟ್ಟುಕೊಳ್ಳುವುದೇ ಅಪರಾಧ, ಸೇದಬೇಕೆಂದೇನಿಲ್ಲ. 2025ರ ಸೆಪ್ಟೆಂಬರ್‌ನಿಂದ ದಂಡ ಇನ್ನೂ ಏರಿದೆ. ಮತ್ತೆ ಮತ್ತೆ ಸಿಕ್ಕಿಬಿದ್ದ ವಿದೇಶಿಯರ ಪಾಸ್ (ಇಲ್ಲಿ ಇರಲು, ಕೆಲಸ ಮಾಡಲು ಕೊಡುವ ಪರವಾನಗಿ) ರದ್ದಾಗಿ ದೇಶವನ್ನೇ ಬಿಡಬೇಕಾಗಬಹುದು. ಹದಿಹರೆಯದ ಮಕ್ಕಳಿದ್ದರೆ ಕೂರಿಸಿಕೊಂಡು ಮಾತಾಡಿ. ಬಣ್ಣಬಣ್ಣದ ಆ ಸಾಧನ ನೋಡಲು ಪೆನ್ ಡ್ರೈವ್ ತರಹವೇ ಇರುತ್ತದೆ. ಗೆಳೆಯರದ್ದನ್ನು ಬ್ಯಾಗಲ್ಲಿ ಇಟ್ಟುಕೊಂಡರೂ ತಾಪತ್ರಯವೇ. ಸಿಗರೇಟು ಕೊಳ್ಳಲು 2021ರಿಂದ 21 ವರ್ಷ ತುಂಬಿರಬೇಕು.

ಸೇದುವವರಿಗೆ ಜಾಗದ ಲೆಕ್ಕ ಹೀಗಿದೆ. ಎಚ್‌ಡಿಬಿ (ಸರ್ಕಾರಿ ವಸತಿ) ಕಟ್ಟಡದ ಕಾರಿಡಾರ್, ಮೆಟ್ಟಿಲು, ಲಿಫ್ಟ್, ಕೆಳಗಿನ ವಾಯ್ಡ್ ಡೆಕ್ (ನೆಲ ಅಂತಸ್ತಿನ ತೆರೆದ ಜಾಗ) ಎಲ್ಲೂ ಸೇದುವಂತಿಲ್ಲ. ಮನೆ ಬಾಗಿಲ ಮುಂದಿನ ಜಾಗ ನಮ್ಮದೇ ಅನಿಸುತ್ತದೆ, ಆದರೆ ಅದೂ ಕಾರಿಡಾರೇ. ಬಸ್ ತಂಗುದಾಣದಿಂದ 5 ಮೀಟರ್ ದೂರ ಇರಬೇಕು. ಪಾರ್ಕು, ಬೀಚುಗಳೂ 2022ರ ಜುಲೈನಿಂದ ಈ ಪಟ್ಟಿಗೆ ಸೇರಿವೆ. ಅಂಗಡಿ-ಮಾಲ್‌ಗಳ ಆರ್ಚರ್ಡ್ ರಸ್ತೆಯ ವಲಯದಲ್ಲಿ ಗುರುತು ಮಾಡಿದ ಜಾಗದಲ್ಲಿ ಮಾತ್ರ ಸೇದಬಹುದು. ಸಿಕ್ಕಿಬಿದ್ದರೆ ಸಾಮಾನ್ಯವಾಗಿ 200 ಸಿಂಗಪುರ ಡಾಲರ್ ದಂಡ. ಕೋರ್ಟಿಗೆ ಹೋದರೆ 1,000 ಡಾಲರ್‌ವರೆಗೂ ಆಗಬಹುದು.

ಮನೆಯೊಳಗೆ, ಬಾಲ್ಕನಿಯಲ್ಲಿ ಸೇದಲು ಕಾನೂನಿನ ಅಡ್ಡಿಯಿಲ್ಲ. ಆದರೆ ಹೊಗೆ ಮೇಲಿನ ಮನೆಯ ಕಿಟಕಿಗೆ ನುಗ್ಗುತ್ತದೆ, ಮಾತು ಬರುತ್ತದೆ. ಬಾಡಿಗೆ ಮನೆಯಾದರೆ ಕರಾರುಪತ್ರವನ್ನೂ ಒಮ್ಮೆ ಓದಿ. ಒಳಗೆ ಸೇದಬಾರದೆಂದು ಮಾಲೀಕರು ಬರೆಸಿರಬಹುದು.